ಎಲುಬಿಗೆ ಕೂತ ಹಲ್ಲು

ಬಕ್ಕಪ್ಪ ಊಟಕ್ಕೆ ಕೂತಾಗ ಮನೆಯವರು ಬೇರೆ ಕಡೆ ನೋಡಬೇಕು ಎಂಬ ಕಾನೂನನ್ನು ಆ ಮನೆಯಲ್ಲಿ ಯಾರೂ ಮಾಡಿರಲಿಲ್ಲ, ಆದರೂ ಎಲ್ಲರೂ ಪಾಲಿಸುತ್ತಿದ್ದರು. ಅವನು ಗಂಗಾಳದ ಮುಂದೆ ಕೂತು, ಗೋಡೆಗೆ ಮುಖ ತಿರುಗಿಸಿ, ಹಲ್ಲಿನ ಸೆಟ್ಟನ್ನು ಬಾಯಿಂದ ತೆಗೆದು ನೀರಿನ ವಾಟಿಯಲ್ಲಿ ಇಳಿಬಿಡುತ್ತಿದ್ದ. ಮೇಲಿನದೊಂದು, ಕೆಳಗಿನದೊಂದು. ಆಮೇಲೆ ಈ ಕಡೆ ತಿರುಗಿ, ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿಯನ್ನು ಒಸಡಿನಿಂದ ನುರಿಯುತ್ತಿದ್ದ. ಏಳು ವರ್ಷದ ಮೊಮ್ಮಗಳು ರುಕ್ಮಿಣಿ ಮಾತ್ರ ಕಾನೂನಿಗೆ ಸೊಪ್ಪು ಹಾಕದೆ, ವಾಟಿಯ ಮೇಲೆ ಬಗ್ಗಿ ಒಳಗಿನ ಹಲ್ಲುಗಳನ್ನು ಎಣಿಸುತ್ತಿದ್ದಳು.

ಆ ಸೆಟ್ಟು ಮಗ ಚಂದ್ರಶೇಖರ ಮಾಡಿಸಿಕೊಟ್ಟದ್ದು. ಅವನು ತಾಂಡೂರು ಸ್ಟೇಷನ್ನಿನ ಪಾರ್ಸಲ್ ಆಫೀಸಿನಲ್ಲಿ ಗುಮಾಸ್ತ. ಬಡ್ತಿ ಸಿಕ್ಕ ಖುಷಿಗೆ, ೧೯೮೬ರ ದೀಪಾವಳಿ ಮುಗಿದ ಮೇಲೆ, ಅಪ್ಪನನ್ನು ಹೈದರಾಬಾದಿಗೆ ಕರೆದುಕೊಂಡು ಹೋಗಿ ಎರಡೂ ಸಾಲು ಕಟ್ಟಿಸಿ ತಂದಿದ್ದ. ತಂದ ದಿನವೇ ಅಪ್ಪನನ್ನು ಪ್ಲಾಟ್‌ಫಾರ್ಮಿನ ಮೇಲೆ ನಿಲ್ಲಿಸಿ, "ಅಪ್ಪಾ, ಜರಾ ನಗು" ಎಂದು ಎಲ್ಲರಿಗೂ ತೋರಿಸಿದ್ದ. ಟಿಕೆಟ್ ಕೊಡುವವರು, ಹಮಾಲರು, ಚಹಾ ಮಾರುವವನು, ಯಾರನ್ನೂ ಬಿಟ್ಟಿರಲಿಲ್ಲ. ಅಷ್ಟು ಪ್ರೀತಿಯಿಂದ ಕಟ್ಟಿಸಿದ ಹಲ್ಲನ್ನು ಬೈಯುವ ಧೈರ್ಯ ಮನೆಯಲ್ಲಿ ಯಾರಿಗಿತ್ತು?

ಬೈಯಲು ಕಾರಣವಂತೂ ಬೇಕಾದಷ್ಟಿತ್ತು. ಮೇಲಿನದು ಅಂಗುಳಿಗೆ ಅಂಟಿಕೊಂಡು ಹೇಗೋ ನಿಲ್ಲುತ್ತಿತ್ತು. ಕೆಳಗಿನದು ನಾಲಗೆ ಅಲುಗಿದರೆ ಏಳುತ್ತಿತ್ತು, ಸೀನಿದರೆ ಹೊರಗೆ ಬರುತ್ತಿತ್ತು. ಸೊಸೆ ವತ್ಸಲಾಬಾಯಿ ಎಲ್ಲರಿಗೂ ರೊಟ್ಟಿ ಬಡಿದಾದ ಮೇಲೆ ಮಾವನಿಗೆಂದು ಬೇರೆ ನುಚ್ಚು ಕುದಿಸಬೇಕಿತ್ತು, ಪಲ್ಯ ಹಿಸುಕಬೇಕಿತ್ತು. ಹೆಂಡತಿ ಸಕ್ಕುಬಾಯಿ ಮಗ ಮನೆಯಲ್ಲಿಲ್ಲದಾಗ ಮಾತ್ರ ಗೊಣಗುತ್ತಿದ್ದಳು.

"ಹಲ್ಲಿಲ್ಲದಾಗ ನಿಮಗ ಉಣಸೋದು ಒಂದೇ ಕೆಲಸ ಇತ್ರಿ. ಈಗ ನಿಮ್ಮ ಹಲ್ಲಿಗಿ ಎರಡು ಹೊತ್ತು ಜಳಕ ಮಾಡಸೋದು ಬ್ಯಾರೆ ಬಂತು."

"ಮೆಲ್ಲಗ ಮಾತಾಡು. ಶೇಖರ ಕೇಳ್ಯಾನು."

ಬಕ್ಕಪ್ಪನಿಗೆ ಹಲ್ಲೆಂದರೆ ಬರೀ ಊಟದ ಮಾತಲ್ಲ. ತಾಂಡೂರಿನ ಗಂಜಿನಲ್ಲಿ, ಅಂದರೆ ಧಾನ್ಯದ ಪೇಟೆಯಲ್ಲಿ, ಮಾಳಿಂಗಪ್ಪನ ಅಡತಿ ಅಂಗಡಿಯಲ್ಲಿ ಅವನು ಮೂವತ್ತು ವರ್ಷ ತೊಗರಿ ಕಡಿದವನು. ರೈತರು ರಾಶಿ ತಂದು ಸುರಿದರೆ, ಬಕ್ಕಪ್ಪ ಮೊಣಕೈವರೆಗೂ ಕೈ ಇಳಿಸಿ ನಡುವಿನಿಂದ ಒಂದು ಹಿಡಿ ತೆಗೆಯುತ್ತಿದ್ದ. ಅದರಲ್ಲಿ ಒಂದೇ ಕಾಳು ಆರಿಸಿ ಕೋರೆಹಲ್ಲಿನ ಪಕ್ಕದಲ್ಲಿಟ್ಟು ಕಡಿಯುತ್ತಿದ್ದ. ಒಣಗಿದ ಕಾಳು ಟಕ್ಕೆಂದು ಎರಡು ಹೋಳಾಗುತ್ತದೆ. ಹಸಿ ಕಾಳು ಸಪ್ಪಳವಿಲ್ಲದೆ ನೆಗ್ಗುತ್ತದೆ. ಇವೆರಡರ ನಡುವೆ ಇನ್ನೂ ಮೂರ್ನಾಲ್ಕು ತರ ಇವೆ, ಅವು ಅವನ ಹಲ್ಲಿಗೆ ಮಾತ್ರ ಗೊತ್ತಾಗುತ್ತಿದ್ದವು. "ಒಂದು ಬಿಸಲು ಬೇಕು" ಎಂದರೆ ಇನ್ನೊಂದು ದಿನ ಒಣಗಿಸಬೇಕು. "ಎರಡು ಬಿಸಲು" ಎಂದರೆ ಎರಡು ದಿನ. "ತುಂಬ್ರಿ" ಎಂದರೆ ಚೀಲ ತುಂಬಬಹುದು. ಸಾವುಕಾರರೂ ರೈತರೂ ಬೇರೆ ಯಾವುದಕ್ಕೆ ಜಗಳಾಡಿದರೂ ಆ ಮಾತಿಗೆ ಎದುರಾಡುತ್ತಿರಲಿಲ್ಲ. ಅದೇ ಅವನ ಹೆಮ್ಮೆ. ತಂಬಾಕು ಸುಣ್ಣ ತಿಕ್ಕಿ ತಿಕ್ಕಿ ಒಸಡು ಕೆಟ್ಟು ಹಲ್ಲು ಒಂದೊಂದೇ ಉದುರಿದಾಗ, ಉಳಿದ ಎರಡು ಹಲ್ಲಿನಲ್ಲೇ ಎರಡು ಸುಗ್ಗಿ ತಳ್ಳಿದ್ದ. ಆಮೇಲೆ ಅವೂ ಹೋದವು.

ಸೆಟ್ಟು ಬಂದ ಮೇಲಿನ ಮೊದಲ ಸುಗ್ಗಿಯಲ್ಲೇ ಎಡವಟ್ಟಾಯಿತು. ಜನವರಿಯಲ್ಲಿ ಒಂದು ದೊಡ್ಡ ರಾಶಿಯ ಮುಂದೆ ಕಾಳು ಕಡಿದ. ಟಕ್ ಎಂದಿತು. "ತುಂಬ್ರಿ" ಎಂದ. ಇಪ್ಪತ್ತು ದಿನಕ್ಕೆ ದಾಲ್ ಮಿಲ್ಲಿನ ಗೋದಾಮಿನಲ್ಲಿ ಚೀಲಗಳು ಬೆಚ್ಚಗಾದವು. ಬಿಚ್ಚಿ ನೋಡಿದರೆ ಒಳಗೆ ಬೂಸ್ಟು. ಅರವತ್ತು ಚೀಲ ತೊಗರಿ ಎಮ್ಮೆಯ ಪಾಲಾಯಿತು.

ಮಾಳಿಂಗಪ್ಪ ಕೂಗಾಡಲಿಲ್ಲ. ಕೂಗಾಡಿದ್ದರೆ ಬಕ್ಕಪ್ಪನಿಗೆ ಎಷ್ಟೋ ಹಗುರಾಗುತ್ತಿತ್ತು. "ವಯಸ್ಸಾತು ಬಕ್ಕಪ್ಪ. ಇನ್ನ ಮುಂದ ನಾನೇ ಕಡೀತೀನಿ. ನೀ ಚೀಲದ ಬಾಯಿ ಹೊಲ್ಯೋದು ನೋಡಕೋ" ಎಂದ. ಅಂದಿನಿಂದ ಬಕ್ಕಪ್ಪ ದಬ್ಬಣ ಹಿಡಿದ. ಅವನಿಗೆ ವಯಸ್ಸಾದದ್ದು ಹೌದು, ಐವತ್ತೆಂಟು. ಆದರೆ ತಪ್ಪು ವಯಸ್ಸಿನದಲ್ಲ ಎಂಬುದು ಅವನೊಬ್ಬನಿಗೇ ಗೊತ್ತಿತ್ತು, ಮತ್ತು ಅದನ್ನು ಅವನು ಹೇಳುವಂತಿರಲಿಲ್ಲ.

ಫೆಬ್ರವರಿಯ ಒಂದು ಭಾನುವಾರ ವತ್ಸಲಾಬಾಯಿಯ ಅಣ್ಣ ಕಾಶಿರಾಮ ಕೊಹೀರಿನಿಂದ ಒಂದು ಬುಟ್ಟಿ ಪೇರಲಹಣ್ಣು ಹೊತ್ತುಕೊಂಡು ಬಂದ. ಅವನು ಹೊಲ ಮಾಡುವ ಮನುಷ್ಯ. ಬಾಯಿ ಅಂದರೆ ಬಾಯಿ, ಒಳಗೆ ಬರುವ ಮೊದಲೇ ಅವನ ಮಾತು ಅಡುಗೆಮನೆ ಮುಟ್ಟಿರುತ್ತಿತ್ತು.

"ವತ್ಸಲಾ, ಮದಲ ಮಾವಾರಿಗಿ ಹೆಚ್ಚಿ ಕೊಡವಾ. ಕೊಹೀರಿನ ಪೇರಲ, ಬಾಯಾಗ ಇಟ್ರ ಕರಗ್ತಾವ!"

ಕರಗುವುದು ತಿರುಳು. ಬೀಜ ಕರಗುವುದಿಲ್ಲ. ಬೀಗರ ಮರ್ಯಾದೆಗೆಂದು ಬಕ್ಕಪ್ಪ ಸೆಟ್ಟು ಹಾಕಿಕೊಂಡೇ ಒಂದು ಹೋಳು ಬಾಯಿಗಿಟ್ಟ. ಎರಡು ಬೀಜ ಕೆಳಗಿನ ಸಾಲಿನ ಅಡಿಗೆ ಜಾರಿದವು. ಅವನು ಕಡಿದಷ್ಟೂ ಅವು ಒಸಡಿಗೆ ಚುಚ್ಚಿದವು. ಕಣ್ಣಲ್ಲಿ ನೀರು ಬಂತು. ಬಚ್ಚಲಿಗೆ ಎದ್ದು ಹೋಗಿ, ಸೆಟ್ಟು ತೆಗೆದು ಬಾಯಿ ಮುಕ್ಕಳಿಸಿ ಬಂದ.

ಕಾಶಿರಾಮ ಸುಮ್ಮನಿರುವ ಪೈಕಿ ಅಲ್ಲ. "ಸೆಟ್ಟು ಕುಣೀತದೇನ್ರಿ ಮಾವಾರ?"

"ಕುಣೀತದ ಅಂದ್ರ?" ಚಂದ್ರಶೇಖರ ತಲೆ ಎತ್ತಿದ. "ಹೈದರಾಬಾದಿನ ದೊಡ್ಡ ಅಂಗಡ್ಯಾಗ ಮಾಡಿಸಿದ್ದು. ಅಪ್ಪ ರೂಢಿ ಮಾಡಿಕೊಳ್ಳಾಕ ಒಲ್ಲ, ಅಷ್ಟೇ."

"ಅಂಗಡೀದು ಬಿಡ್ರಿ. ಹೋದ ವರ್ಷ ಎತ್ತು ಹಾಯ್ದು ನನ್ನ ದವಡಿ ಮುರದಿತ್ತಲ್ಲ, ಆಗ ಹೈದರಾಬಾದಿನ ಹಲ್ಲಿನ ದವಾಖಾನ್ಯಾಗ ಇಪ್ಪತ್ತು ದಿನ ಇದ್ದೆ. ಅಲ್ಲಿ ಒಬ್ಬ ಡಾಕ್ಟರಮ್ಮ ಇದ್ದಾರ, ಪರದೇಶದಾಗ ಕಲ್ತು ಬಂದೋರು. ದವಡಿ ಎಲುಬಿಗೇ ತಿರುಪು ಕೂಡಸ್ತಾರ. ಐದು ತಿರುಪು. ನಾಕು ತಿಂಗಳು ಬಿಟ್ರ ಎಲುಬು ಬೆಳದು ಆ ತಿರುಪಿಗಿ ಗಟ್ಟಿ ಹಿಡೀತದ. ಆಮ್ಯಾಲ ಅದರ ಮ್ಯಾಲ ಪೂರಾ ಒಂದು ಸಾಲು ಹಲ್ಲು ಬಿಗೀತಾರ. ತೆಗಿಯೋದಿಲ್ಲ, ವಾಟಿಯಾಗ ಇಡೋದಿಲ್ಲ. ನನ್ನ ಬಾಜೂಕ ಒಬ್ಬ ಮುದುಕ ಇದ್ದ. ನನ್ನ ಕಣ್ಣ ಮುಂದ ಕಬ್ಬು ಸಿಗದು ತಿಂದ!"

ಸಕ್ಕುಬಾಯಿ ಸೆರಗು ಬಾಯಿಗೆ ಒತ್ತಿಕೊಂಡಳು. "ಎಲುಬಿಗಿ ತಿರುಪಾ? ಮನಶಾನ ಬಾಯಿ ಅಂದ್ರ ಬಾಗಲಾ ಏನು?"

ಬಕ್ಕಪ್ಪ ಒಂದೇ ಪ್ರಶ್ನೆ ಕೇಳಿದ. "ಕಡದ್ರ ಗೊತ್ತಾಗ್ತದೇನು?"

"ಏನು ಗೊತ್ತಾಗ್ತದ್ರಿ?"

"ಕಡದಿದ್ದು ಮೆತ್ತಗದೋ, ಗಟ್ಟಿ ಅದೋ. ಹಲ್ಲಿಗಿ ಗೊತ್ತಾಗ್ತದೇನು?"

ಕಾಶಿರಾಮ ತೊಡೆ ತಟ್ಟಿದ. "ಆ ಮುದುಕನ ಕಣ್ಣು ಕಟ್ಟಿ, ಹಲ್ಲಿನ ನಡುವ ಕಾಗದದ ಚೂರು ಇಡ್ತಿದ್ರು. ಒಂದು ಕಾಗದ ಇಟ್ರ ಒಂದು ಅಂತಿದ್ದ, ಎರಡು ಇಟ್ರ ಎರಡು ಅಂತಿದ್ದ! ಎಲುಬಿಗಿ ಗೊತ್ತಾಗ್ತದಂತ್ರಿ ಮಾವಾರ."

ಬಕ್ಕಪ್ಪನ ಎದೆ ಹೊಡೆದುಕೊಂಡ ಸಪ್ಪಳ ಅವನಿಗೇ ಕೇಳಿಸಿತು. ಮದುವೆಯ ಮಾತುಕತೆಯ ದಿನವೂ ಹೀಗಾಗಿರಲಿಲ್ಲ. "ನಾ ಹೋಗ್ತೀನಿ" ಎಂದ.

"ಎಲ್ಲಿಗಿ?" ಚಂದ್ರಶೇಖರ ಗಂಗಾಳ ಸರಿಸಿದ. "ಈ ವಯಸ್ಸಿನ್ಯಾಗ ಎಲುಬು ಕೊರಿಸ್ಕೋತೀಯಾ? ಎರಡು ಹೊತ್ತು ಉಣ್ಣಾಕದ, ಗಂಜಿನ್ಯಾಗ ಕೂಡಾಕ ಜಾಗ ಅದ. ಆ ಅರವತ್ತು ಚೀಲದ್ದು ತೆಲಿಯಾಗ ಇಟ್ಕೊಂಡು ಕೂತೀ. ವಯಸ್ಸಾತು, ಒಂದು ತಪ್ಪಾತು, ಮುಗೀತು."

"ವಯಸ್ಸಿಂದು ಅಲ್ಲೋ ಅದು!"

ಬಕ್ಕಪ್ಪ ಮಗನ ಮುಂದೆ ದನಿ ಎತ್ತಿದವನಲ್ಲ. ವತ್ಸಲಾಬಾಯಿ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕುವುದನ್ನು ಮರೆತು ನಿಂತಳು. ಒಂದು ಸಲ ಬಾಯಿ ಬಿಟ್ಟ ಮೇಲೆ ಮುಚ್ಚುವುದು ಅವನಿಗೂ ಆಗಲಿಲ್ಲ.

"ಕಾಳು ಟಕ್ ಅಂತು ಅಂತ ನಾ ತುಂಬ್ರಿ ಅಂದೆ. ಆ ಸಪ್ಪಳ ತೊಗರೀದು ಅಲ್ಲ, ಈ ಸೆಟ್ಟಿಂದು. ಕೆಳಗಿಂದು ಎದ್ದು ಮ್ಯಾಲಿಂದಕ್ಕ ಬಡೀತು. ಕಾಳು ಹಸಿ ಇತ್ತು, ನೆಗ್ಗಿತ್ತು. ಪ್ಲಾಸ್ಟಿಕ್ಕಿಗಿ ಏನು ಗೊತ್ತಾಗ್ತದೋ? ಮನಿಗಿ ಬಂದು ಖಾಲಿ ಬಾಯಿ ಕಡದು ನೋಡಿದೆ. ಅದೇ ಸಪ್ಪಳ, ಟಕ್ ಅಂತ."

ಚಂದ್ರಶೇಖರನ ಮುಖ ಸಣ್ಣದಾಯಿತು. "ಗೊತ್ತಿದ್ದೂ ನನಗ ಯಾಕ ಹೇಳಲಿಲ್ಲ?"

"ನೀ ಸ್ಟೇಷನ್ನಿನ್ಯಾಗ ಎಲ್ಲಾರಿಗೂ ತೋರ್ಸಿದ್ದಿ."

ಮಗ ಕೈ ತೊಳೆದು ಚಪ್ಪಲಿ ಮೆಟ್ಟಿ ಹೊರಗೆ ಹೋದ. ಹೋದದ್ದು ಸಿಟ್ಟಿಗೋ ನಾಚಿಕೆಗೋ ಯಾರಿಗೂ ತಿಳಿಯಲಿಲ್ಲ. ಹಂಚಿನ ಮೇಲಿನ ರೊಟ್ಟಿ ಸೀದು ಮನೆತುಂಬ ಹೊಗೆಯಾಯಿತು. ನಾಲ್ಕು ದಿನ ಅಪ್ಪ ಮಗನ ನಡುವೆ ಮಾತಿಲ್ಲ. ಬೇಕಾದದ್ದನ್ನೆಲ್ಲ ರುಕ್ಮಿಣಿ ಇಬ್ಬರ ನಡುವೆ ಓಡಾಡಿ ಹೇಳುತ್ತಿದ್ದಳು. "ಮುತ್ಯಾ, ಅಪ್ಪ ಪೇಪರ್ ಕೇಳ್ತಾನ." "ಅಪ್ಪಾ, ಮುತ್ಯಾ ಓದಿ ಆಗ್ಯಾದ ಅಂತಾನ." ಐದನೆಯ ದಿನ ಚಂದ್ರಶೇಖರ ಡ್ಯೂಟಿ ಮುಗಿಸಿ ಬಂದವನು ಅಂಗಿಯ ಜೇಬಿನಿಂದ ಹೈದರಾಬಾದಿನ ಎರಡು ಟಿಕೆಟ್ ತೆಗೆದು ಅಪ್ಪನ ಗಂಗಾಳದ ಪಕ್ಕದಲ್ಲಿಟ್ಟ.

"ಸೋಮವಾರ ಮುಂಜಾನಿ ಗಾಡಿ. ಕಾಶಿರಾಮ ಕೊಹೀರಿನಿಂದ ಬಸ್ಸಿಗಿ ಬರ್ತಾನ. ನಾನೂ ಬರ್ತೀನಿ, ಮದಲ ಡಾಕ್ಟರಿಗಿ ಕೇಳ್ತೀನಿ, ಆಮ್ಯಾಲ ನೋಡೋಣು."

ಬಕ್ಕಪ್ಪ ಆ ರಾತ್ರಿ ಟಿಕೆಟ್ಟನ್ನು ದಿಂಬಿನ ಕೆಳಗಿಟ್ಟು ಮಲಗಿದ.

ಡಾಕ್ಟರಮ್ಮ ಸಣ್ಣ ಆಳು, ದೊಡ್ಡ ಕನ್ನಡಕ, ದಖ್ಖನಿ ಉರ್ದುವಿನಲ್ಲೇ ಮಾತು. ಚಂದ್ರಶೇಖರ ಕೇಳಿದ್ದಕ್ಕೆಲ್ಲ ಮುಚ್ಚುಮರೆಯಿಲ್ಲದೆ ಉತ್ತರ ಕೊಟ್ಟರು. ಸರ್ಕಾರಿ ದವಾಖಾನೆ, ಹುಡುಗರಿಗೆ ಕಲಿಸಲೆಂದು ಹಾಕುತ್ತಿರುವುದರಿಂದ ದುಡ್ಡಿಲ್ಲ. ಇದುವರೆಗೆ ಏಳು ಮಂದಿಗೆ ಹಾಕಿದ್ದಾರೆ. ಆರು ಮಂದಿಯದು ನಿಂತಿದೆ. ಒಬ್ಬರದು ಎಲುಬು ಹಿಡಿಯದೆ ಸಡಿಲಾಗಿ ತೆಗೆದಿದ್ದಾರೆ. ಕೆಳಗಿನ ಸಾಲಿಗೆ ಮಾತ್ರ ತಿರುಪು. ಮೇಲಿನದು ಈಗಿರುವ ಸೆಟ್ಟೇ ಸಾಕು, ಕೆಳಗಿನದು ಕುಣಿಯುವುದು ನಿಂತರೆ ಅದೂ ಸುಮ್ಮನಿರುತ್ತದೆ. ಹಲ್ಲು ಬಂತೆಂದು ಮರೆಯುವಂತಿಲ್ಲ, ದಿನಾ ಉಜ್ಜಬೇಕು, ವರ್ಷಕ್ಕೊಮ್ಮೆ ಬಂದು ತೋರಿಸಬೇಕು.

ಕೊನೆಗೆ ಬಕ್ಕಪ್ಪನ ಕಡೆ ಬೆರಳು ತೋರಿಸಿ, "ಔರ್ ತಂಬಾಕೂ ಬಂದ್. ಆಜ್ ಸೇ" ಎಂದರು. ಇವತ್ತಿನಿಂದಲೇ ತಂಬಾಕು ಬಿಡಬೇಕು.

ಬಕ್ಕಪ್ಪ ಮಗನ ಕಡೆ ನೋಡಿದ. ನಲವತ್ತು ವರ್ಷದ ತಂಬಾಕು. ಸೊಂಟದ ಚಂಚಿಯನ್ನು ಬಿಚ್ಚಿ ಡಾಕ್ಟರಮ್ಮನ ಮೇಜಿನ ಮೇಲಿಟ್ಟ. ಅವರು ನಗುತ್ತ ಅದನ್ನು ಕಸದ ಡಬ್ಬಿಗೆ ಹಾಕಿದರು. ಅವನು ಡಬ್ಬಿಯೊಳಗೆ ಒಮ್ಮೆ ಬಗ್ಗಿ ನೋಡಿದ.

ಮಾರ್ಚಿನಲ್ಲಿ ತಿರುಪು ಹಾಕಿದರು. ಮರಗಟ್ಟಿದ ದವಡೆಯೊಳಗೆ ಯಂತ್ರದ ಗುರ್ ಸಪ್ಪಳ ತಲೆಬುರುಡೆಗೆಲ್ಲ ಹಬ್ಬಿತು. ಪರಸಿ ಎಂಬ ಹಾಸುಗಲ್ಲಿನ ಗಣಿಯಲ್ಲಿ ಕಲ್ಲಿಗೆ ಬೈರಿಗೆ ಹಾಕಿದ ಹಾಗೆ ಇತ್ತು ಎಂದು ಆಮೇಲೆ ಓಣಿಯವರಿಗೆಲ್ಲ ಹೇಳಿದ. ಒಸಡನ್ನು ಮೇಲೆ ಹೊಲಿದು ಮುಚ್ಚಿ ಕಳಿಸಿದರು. ಎರಡು ವಾರ ಕೆಳಗಿನ ಸೆಟ್ಟು ಹಾಕುವಂತಿಲ್ಲ. ಮುಖ ಊದಿ ಕುಂಬಳಕಾಯಿಯಾಯಿತು. ವತ್ಸಲಾಬಾಯಿ ರಾಗಿ ಅಂಬಲಿ, ಬೇಳೆ ಕಟ್ಟು, ತಣ್ಣನೆ ಮಜ್ಜಿಗೆ ಎಂದು ಹೊತ್ತು ಹೊತ್ತಿಗೆ ಮಾಡಿಕೊಟ್ಟಳು. ಇಷ್ಟು ದಿನ ಬೇಸರದಿಂದ ಹಿಸುಕುತ್ತಿದ್ದವಳು ಈಗ ಹುರುಪಿನಿಂದ ಹಿಸುಕಿದಳು, ಯಾಕೆಂದರೆ ಈ ಕೆಲಸಕ್ಕೆ ಒಂದು ಕೊನೆ ಕಾಣುತ್ತಿತ್ತು.

ಸಕ್ಕುಬಾಯಿಯದು ತಂಬಾಕಿನ ಪಹರೆ. ದಿನಾ ಸಂಜೆ ಗಂಡನ ಜೇಬು, ರುಮಾಲಿನ ಮಡಿಕೆ, ಚಪ್ಪಲಿಯ ಸಂದು, ಎಲ್ಲ ತಡಕುತ್ತಿದ್ದಳು. ಒಂದು ದಿನ ಅವನು ಬಾಜೂಮನೆಯ ಹಣಮಯ್ಯನ ಹತ್ತಿರ ಒಂದು ಚಿಟಿಕೆ ಇಸಿದುಕೊಂಡದ್ದನ್ನು ರುಕ್ಮಿಣಿ ಕಂಡು ಮನೆಗೆ ಓಡಿಬಂದಳು.

"ಆಯೀ, ಮುತ್ಯಾ ತಿಂದ!"

ಸಕ್ಕುಬಾಯಿ ಹೊಸ್ತಿಲಲ್ಲಿ ನಿಂತು ಓಣಿಗೆ ಕೇಳುವ ಹಾಗೆ ಅಂದಳು: "ಎಲುಬು ಕೊರಿಸಿಕೊಂಡು ಬಂದೀರಿ, ಮಗ ರಜಾ ಹಾಕಿ ಓಡಾಡ್ಯಾನ, ಸೊಸಿ ಅಂಬಲಿ ತಿರುವಿ ತಿರುವಿ ಕೈ ಸೋತಾಳ. ಒಂದು ಚಿಟಿಕಿಗಿ ಅದೆಲ್ಲಾ ಮಣ್ಣುಗೂಡಸ್ತೀರೇನು? ಉಗುಳ್ರಿ!"

ಉಗುಳಿದ. ಮತ್ತೆ ಮುಟ್ಟಲಿಲ್ಲ.

ಮೇ ತಿಂಗಳಲ್ಲಿ ರುಕ್ಮಿಣಿಯ ಮುಂದಿನ ಎರಡು ಹಾಲುಹಲ್ಲು ಬಿದ್ದವು. ಮುತ್ಯಾ, ಮೊಮ್ಮಗಳು ಇಬ್ಬರೂ ಕನ್ನಡಿಯ ಮುಂದೆ ನಿಂತು ಬಾಯಿ ತೆರೆದು ನೋಡಿಕೊಳ್ಳುವುದು ದಿನದ ಕೆಲಸವಾಯಿತು.

"ಮುತ್ಯಾ, ಮದಲ ನಿಂದು ಬರ್ತದೋ ನಂದು ಬರ್ತದೋ?"

"ನಂದು ಒಳಗ ಬೇರು ಬಿಡ್ಲಾಕತ್ತದ. ನಿಂದು?"

"ನಂದೂ ಬೇರು ಬಿಡ್ಲಾಕತ್ತದ."

ಪಂದ್ಯ ಅವಳೇ ಗೆದ್ದಳು. ಜುಲೈಯಲ್ಲೇ ಅವಳದು ಎರಡೂ ಗರಗಸದ ಅಂಚಿನಂತೆ ಇಣುಕಿದವು. ಆಗಸ್ಟಿನಲ್ಲಿ ಡಾಕ್ಟರಮ್ಮ ಬಕ್ಕಪ್ಪನ ಒಸಡು ಬಿಡಿಸಿ, ತಿರುಪುಗಳನ್ನು ಒಂದೊಂದಾಗಿ ಸಣ್ಣ ಕಬ್ಬಿಣದ ಕಡ್ಡಿಯಿಂದ ತಟ್ಟಿ ಸಪ್ಪಳ ಕೇಳಿದರು. ಐದೂ ಗಟ್ಟಿ! ಚಂದ್ರಶೇಖರ ದವಾಖಾನೆಯ ವರಾಂಡದಲ್ಲೇ ಕಾಶಿರಾಮನನ್ನು ತಬ್ಬಿಕೊಂಡ. ಗಣೇಶ ಚೌತಿ ಕಳೆದು ಎರಡು ವಾರಕ್ಕೆ ಹಲ್ಲಿನ ಸಾಲನ್ನು ಬಿಗಿದು ಕೂಡಿಸಿದರು.

ಆ ದಿನ ಬಕ್ಕಪ್ಪ ಊಟಕ್ಕೆ ಕೂತಾಗ ಮನೆಯ ಹಳೆಯ ಕಾನೂನು ಮುರಿದು ಬಿತ್ತು. ಎಲ್ಲರೂ ಅವನ ಬಾಯನ್ನೇ ನೋಡಿದರು. ಮೊದಲ ವಾರ ಮೆತ್ತನೆಯದು, ಆಮೇಲೆ ಬಿಸಿ ರೊಟ್ಟಿ, ಆಮೇಲೆ ತಿಂಗಳೊಪ್ಪತ್ತಿಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ. ಕಡಕ್ ರೊಟ್ಟಿ ಬಾಯಲ್ಲಿ ಪಟಪಟ ಮುರಿದಾಗ ಸಕ್ಕುಬಾಯಿ ಅತ್ತೇಬಿಟ್ಟಳು. ಅವನಿಗೆ ಹೇಳತೀರದ ಖುಷಿ. ಯಾವ ತುಣುಕು ಗಟ್ಟಿ, ಯಾವುದು ಎಣ್ಣೆ ಹೀರಿ ಮೆತ್ತಗಾಗಿದೆ, ಎಲ್ಲವೂ ದವಡೆಯ ಎಲುಬಿಗೆ ಗೊತ್ತಾಗುತ್ತಿತ್ತು.

ಆದರೂ ತೊಗರಿ ಕಾಳು ಕಡಿಯಲಿಲ್ಲ. ಡಬ್ಬಿಯಲ್ಲಿತ್ತು, ಕೈಗೂ ತೆಗೆದುಕೊಂಡ, ಮತ್ತೆ ಹಾಕಿದ. ಅದನ್ನು ಗಂಜಿನಲ್ಲೇ ಕಡಿಯಬೇಕು ಎಂಬುದು ಅವನ ಹಟ. ಮಾಳಿಂಗಪ್ಪ ಮಾತ್ರ ಹೊಸ ಹಲ್ಲನ್ನು ನೋಡಿ "ಛಂದ ಕಾಣ್ತಾವ ಬಕ್ಕಪ್ಪ" ಎಂದು ದಬ್ಬಣವನ್ನೇ ಕೊಟ್ಟ.

ಜನವರಿಯಲ್ಲಿ ಹೊಸ ತೊಗರಿ ಬಂತು. ಕಾಶಿರಾಮ ಕೊಹೀರಿನಿಂದ ಲಾರಿಯಲ್ಲಿ ಹದಿನೆಂಟು ಚೀಲ ಹಾಕಿಕೊಂಡು ಬಂದು ಮಾಳಿಂಗಪ್ಪನ ಅಂಗಡಿಯ ಮುಂದೆ ಸುರಿದ. ಸುರಿಯುತ್ತಲೇ ಗಂಜಿಗೆಲ್ಲ ಕೇಳುವಂತೆ ಸಾರಿದ: "ನನ್ನ ಮಾಲು ನಮ್ಮ ಮಾವಾರೇ ಕಡೀಬೇಕು! ಹೊಸಾ ಹಲ್ಲು ನನ್ನ ರಾಶಿಗೇ ಶುರುವಾಗಲಿ!"

ಮಾಳಿಂಗಪ್ಪ ಮೀಸೆಯಲ್ಲೇ ನಕ್ಕ. "ನಿನ್ನ ರಾಶಿ, ನಿನ್ನ ಬೀಗ. ಒಣಗೇದ ಅನ್ನಾಕ ಹಲ್ಲು ಯಾಕ ಬೇಕು? ಆತು, ಕಡೀಲಿ."

ಮಂದಿ ಸೇರಿದರು. ಬಕ್ಕಪ್ಪ ದಬ್ಬಣ ಕೆಳಗಿಟ್ಟ. ಧೋತರಕ್ಕೆ ಕೈ ಒರೆಸಿಕೊಂಡು ಮೊಣಕೈವರೆಗೂ ರಾಶಿಯೊಳಗೆ ಇಳಿಸಿದ. ಒಂದು ಕಾಳು ಆರಿಸಿ ಕೋರೆಹಲ್ಲಿನ ಪಕ್ಕದಲ್ಲಿಟ್ಟ. ಒಂದು ವರ್ಷ ಕಾದ ಗಳಿಗೆ. ಕಡಿದ.

ಮೇಲಿನ ಸಿಪ್ಪೆ ಸಿಡಿಯಿತು. ಒಳಗೆ ಹಲ್ಲು ಒಂದು ಕ್ಷಣ ನಿಂತು ಇಳಿಯಿತು. ಬಕ್ಕಪ್ಪನಿಗೆ ಮೊದಲು ಬಂದದ್ದು ಸಂತೋಷ. ಗೊತ್ತಾಯಿತು! ಹಳೆಯ ಹಲ್ಲಿಗೆ ಗೊತ್ತಾಗುತ್ತಿದ್ದ ಹಾಗೇ ಗೊತ್ತಾಯಿತು! ಅದರ ಹಿಂದೆಯೇ ಗೊತ್ತಾದದ್ದೇನು ಎಂಬುದು ಹೊಳೆಯಿತು. ಇನ್ನೊಂದು ಕಾಳು ಕಡಿದ, ಮತ್ತೊಂದು ಕಡಿದ. ಎದುರಿಗೆ ಕಾಶಿರಾಮ ಬಾಯಿತುಂಬ ನಗುತ್ತ ನಿಂತಿದ್ದ.

"ಎರಡು ಬಿಸಲು ಬೇಕು" ಎಂದ ಬಕ್ಕಪ್ಪ.

ಕಾಶಿರಾಮನ ನಗು ಅಲ್ಲೇ ನಿಂತಿತು. "ಏನಂದ್ರಿ?"

"ಮ್ಯಾಲ ಗಾಳಿಗಿ ಒಣಗೇದ, ಒಳಗ ಹಸಿ ಅದ."

ಮಾಳಿಂಗಪ್ಪ ತಾನೂ ಎರಡು ಕಾಳು ಬಾಯಿಗೆ ಹಾಕಿಕೊಂಡು ಕಡಿದ. "ನನಗೇನೋ ಒಣಗೇದ ಅನಸ್ತದ. ನಾ ತೂಗಾಕ ತಯಾರ ಇದ್ದೀನಿ."

"ಕೇಳಿದ್ರೇನು? ಸಾವುಕಾರ್ರೇ ಒಣಗೇದ ಅಂತಾರ!" ಕಾಶಿರಾಮನ ಮುಖ ಕೆಂಪಾಯಿತು. "ಆರು ಸಲ ಹೈದರಾಬಾದಿಗಿ ಕರ್ಕೊಂಡು ಹೋಗೀನಿ. ದವಾಖಾನಿ ಪರಸಿ ಮ್ಯಾಲ ಮಲಗೀನಿ. ನಾ ಹಾಕ್ಸಿದ ಹಲ್ಲು ಮದಲ ನನಗೇ ಕಡೀತಾವೇನ್ರಿ ಮಾವಾರ?"

ಬಕ್ಕಪ್ಪ ಕೈಯಲ್ಲಿದ್ದ ಕಾಳುಗಳನ್ನು ಬೆರಳಲ್ಲಿ ಹೊರಳಿಸಿದ. "ತುಂಬ್ರಿ" ಎಂದರೆ ಮುಗಿಯುತ್ತಿತ್ತು. ಸಾವುಕಾರ ಖುಷಿ, ಬೀಗ ಖುಷಿ. ಆದರೆ ಬೆಚ್ಚಗಾದ ಆ ಅರವತ್ತು ಚೀಲ ಅವನ ಕೈಗೆ ಇನ್ನೂ ನೆನಪಿದ್ದವು. "ನೀ ಹಾಕ್ಸಿದಿ ಅಂತೇ ಹೇಳ್ಲಾಕತ್ತೀನಪಾ" ಎಂದ. "ಹಸಿ ಅದ."

ಅಷ್ಟರಲ್ಲಿ ಯಾರೋ ಸುದ್ದಿ ಮುಟ್ಟಿಸಿ ಚಂದ್ರಶೇಖರ ಸ್ಟೇಷನ್ನಿನಿಂದ ಸೈಕಲ್ ತುಳಿದುಕೊಂಡು ಬಂದ. ಗದ್ದಲ ಕೇಳಿಕೊಂಡ. ಅಪ್ಪನ ಪಕ್ಕದಲ್ಲಿ ಬಂದು ನಿಂತ.

"ಒಂದು ಚೀಲ ಈಗೇ ತೂಗ್ರಿ, ಬರೋಬರಿ ನೂರು ಕಿಲೋ. ಎಲ್ಲಾ ಮಾಲು ನಮ್ಮ ಮಾಳಿಗಿ ಮ್ಯಾಲ ಹಾಕೋಣು, ಈ ಚೀಲದ್ದು ಬ್ಯಾರೆ ಮೂಲ್ಯಾಗ. ಎರಡು ಬಿಸಲಾದ ಮ್ಯಾಲ ಮತ್ತ ತೂಗ್ರಿ. ಒಣಗಿದ್ದು ಖರೇ ಇದ್ರ ತೂಕ ಅಷ್ಟೇ ಇರ್ತದ. ಹಸಿ ಇದ್ರ ಇಳೀತದ."

"ಇಳೀಲಿಲ್ಲ ಅಂದ್ರ?" ಮಾಳಿಂಗಪ್ಪ ಕೇಳಿದ.

ಬಕ್ಕಪ್ಪನೇ ಉತ್ತರ ಕೊಟ್ಟ. "ಇಳೀಲಿಲ್ಲ ಅಂದ್ರ ಸಾಯೂತನಕ ಚೀಲ ಹೊಲೀತೀನಿ, ಕಾಳು ಮುಟ್ಟಂಗಿಲ್ಲ."

ತಾಂಡೂರಿನ ಮನೆಗಳ ಮಾಳಿಗೆಗೆ ಪರಸಿ ಕಲ್ಲಿನ ಹಾಸು. ಬಿಸಿಲು ಬಿದ್ದರೆ ರೊಟ್ಟಿಯ ಹಂಚು. ಹದಿನೆಂಟು ಚೀಲ ತೊಗರಿಯನ್ನು ತೆಳ್ಳಗೆ ಹರಡಲು ತಮ್ಮ ಮಾಳಿಗೆ ಸಾಲದೆ ಹಣಮಯ್ಯನದೂ ಬೇಕಾಯಿತು. ಸಕ್ಕುಬಾಯಿ ಕೋಲು ಹಿಡಿದು ಗುಬ್ಬಿ ಓಡಿಸಿದಳು. ವತ್ಸಲಾಬಾಯಿ ಸೀರೆಯ ನೆರಿಗೆ ಎತ್ತಿ ಕಟ್ಟಿ ಕಾಲಿನಿಂದ ಸಾಲು ಸಾಲಾಗಿ ತಿರುವಿದಳು. ಅವಳ ಪಾಡು ಬೇಡ. ಕೆಳಗೆ ಅಣ್ಣ ಮುನಿಸಿಕೊಂಡು ಊಟ ಒಲ್ಲೆನೆಂದು ಕಟ್ಟೆಯ ಮೇಲೆ ಕೂತಿದ್ದಾನೆ, ಮೇಲೆ ಮಾವ ಕಾಳಿನ ನಡುವೆ ಕೂತಿದ್ದಾನೆ.

"ಅಣ್ಣಾ, ರೊಟ್ಟಿ ಆರ್ತಾವ, ಬಾ."

"ನಿಮ್ಮ ಮಾವನ ಮನಿ ರೊಟ್ಟಿ ನನಗ ಬ್ಯಾಡ."

"ರೊಟ್ಟಿ ಮಾವ ಬಡದಿಲ್ಲ, ನಾ ಬಡದೀನಿ."

ಕಾಶಿರಾಮ ಎದ್ದು ಬಂದು ಐದು ರೊಟ್ಟಿ ತಿಂದ. ತಿಂದು ಮತ್ತೆ ಕಟ್ಟೆಗೇ ಹೋಗಿ ಕೂತ.

ಎರಡನೆಯ ದಿನ ಹೊತ್ತು ಇಳಿಯುವಾಗ ಮಾಳಿಂಗಪ್ಪ ಹಮಾಲರ ಹೆಗಲ ಮೇಲೆ ತಕ್ಕಡಿ ಹೊರಿಸಿಕೊಂಡು ಬಂದ. ಮನೆಯವರ ತೂಕ ನಂಬುವವನಲ್ಲ ಅವನು. ಓಣಿಯವರೆಲ್ಲ ಮಾಳಿಗೆ ಹತ್ತಿದರು.

"ತೂಗೂದಕ್ಕಿಂತ ಮದಲ ಕಡಿ" ಎಂದ ಮಾಳಿಂಗಪ್ಪ. "ನಿನ್ನ ಮಾತು ಮದಲ ಬರಲಿ."

ಬಕ್ಕಪ್ಪ ಮೂಲೆಯ ರಾಶಿಯಿಂದ ಒಂದು ಕಾಳು ಎತ್ತಿದ. ಕಡಿದ.

ಟಕ್!

ಯಾರೂ ಉಸಿರು ಬಿಡುವ ಮುನ್ನ ರುಕ್ಮಿಣಿ ಕೇಳಿದಳು: "ಮುತ್ಯಾ, ಅದು ತೊಗರಿ ಸಪ್ಪಳೋ, ನಿನ್ನ ಹಲ್ಲಿನ ಸಪ್ಪಳೋ?"

ಸಕ್ಕುಬಾಯಿ ಅವಳ ಬಾಯಿ ಮುಚ್ಚಲು ಹೋದಳು. ಚಂದ್ರಶೇಖರ ನೆಲ ನೋಡಿದ. ಬಕ್ಕಪ್ಪನಿಗೆ ಸಿಟ್ಟು ಬರಲಿಲ್ಲ. ಕುಕ್ಕರಗಾಲಲ್ಲಿ ಕೂತು ಇನ್ನೊಂದು ಕಾಳು ಆರಿಸಿ ಮೊಮ್ಮಗಳ ಕೈಯಲ್ಲಿಟ್ಟ. "ನೀನೂ ಹೊಸಾ ಹಲ್ಲಿನಾಕಿ. ಕಡದು ನೋಡು."

ಅವಳು ಮುಂದಿನ ಎರಡು ಹೊಸ ಹಲ್ಲಿನ ನಡುವೆ ಇಟ್ಟು, ಕಣ್ಣು ಮುಚ್ಚಿ ಕಡಿದಳು. ಟಕ್! ಅಂಗೈಯಲ್ಲಿ ಎರಡು ಹೋಳು ಬಿದ್ದವು. ಅದೇ ಸಪ್ಪಳ.

"ತುಂಬ್ರಿ" ಎಂದ ಬಕ್ಕಪ್ಪ.

ಆ ಚೀಲ ತುಂಬಿದರು, ಎದುರಿಗೆ ನೂರು ಕಿಲೋ ತೂಕದ ಬಟ್ಟುಗಳನ್ನಿಟ್ಟು ತೂಗಿದರು. ಹಮಾಲರು ಒಂದು ಕಿಲೋದ ಬಟ್ಟು ತೆಗೆದರೂ ತಕ್ಕಡಿ ಸಮ ಬರಲಿಲ್ಲ. ಇನ್ನೊಂದು ತೆಗೆದರು. ಮತ್ತೊಂದು ತೆಗೆದ ಮೇಲೆ ಮುಳ್ಳು ನಡುವೆ ನಿಂತಿತು. ತೊಂಬತ್ತೇಳು! ಮಾಳಿಗೆಯೇ ಹಾರಿಹೋಗುವ ಹಾಗೆ ಗದ್ದಲವೆದ್ದಿತು. ಎಲ್ಲರಿಗಿಂತ ಜೋರಾಗಿ ಕೂಗಿದವನು ಕಾಶಿರಾಮ. ಮೂರು ಕಿಲೋ ಇಳಿದದ್ದು ತನ್ನದೇ ತೊಗರಿ ಎಂಬುದನ್ನು ಮರೆತು, ರುಮಾಲು ಬಿಚ್ಚಿ ಬೀಸುತ್ತ ಓಣಿಗೆಲ್ಲ ಸಾರಿದ: "ನಾ ಹೇಳಿರಲಿಲ್ಲೇನು? ಎಲುಬಿಗಿ ಗೊತ್ತಾಗ್ತದ! ಆ ಡಾಕ್ಟರಮ್ಮನ ಹತ್ತರ ಕರ್ಕೊಂಡು ಹೋದಾವ ನಾನು!"

ಚಂದ್ರಶೇಖರ ಹತ್ತಿರ ಬಂದ. ಅಪ್ಪನ ಭುಜದ ಮೇಲೆ ಕೂತಿದ್ದ ತೊಗರಿಯ ಧೂಳನ್ನು ಕೈಯಿಂದ ಮೆಲ್ಲಗೆ ಒರೆಸಿದ.

ಮಾಳಿಂಗಪ್ಪ ಬಟ್ಟುಗಳನ್ನು ಚೀಲಕ್ಕೆ ಹಾಕಿಸಿ, ಏಣಿ ಇಳಿಯುವಾಗ ಹಿಂದೆ ತಿರುಗದೆ ಅಂದ: "ನಾಳಿ ಮುಂಜಾನಿ ಹೊತ್ತು ಹೊಂಡೂಕಿಂತ ಮದಲ ಗಂಜಿಗಿ ಬಾ. ಹನ್ನೊಂದು ರಾಶಿ ಬಂದಾವ. ದಬ್ಬಣ ಮನ್ಯಾಗ ಇಟ್ಟು ಬಾ."

"ರೊಟ್ಟಿ ತಿಂದು ಬರ್ತೀನ್ರಿ" ಎಂದ ಬಕ್ಕಪ್ಪ. ಆಮೇಲೆ ಸೊಸೆಯ ಕಡೆ ತಿರುಗಿದ. "ಕಡಕ್ ರೊಟ್ಟಿ ಅವೇನವಾ, ವತ್ಸಲಾ?"